ಕಂಬಿ ತೋರಿಸದೆ ಜೈಲಿನ ಸಿನಿಮಾ

ಪ್ರಶ್ನೆ: ನಾವು ಐದು ಜನ ಗೆಳೆಯರು, ಬೆಂಗಳೂರಿನಲ್ಲೇ ಓದುತ್ತಿದ್ದೇವೆ. ಜೈಲೇ ಇಲ್ಲದ ಲೋಕ ಹೇಗಿರಬಹುದು ಅಂತ ಒಂದು ಕಿರು ಸಾಕ್ಷ್ಯಚಿತ್ರ, ಜೊತೆಗೆ ಒಂದು ಸಣ್ಣ ಕಲಾ ಪ್ರದರ್ಶನ ಮಾಡುವ ಆಸೆ. ಪರಪ್ಪನ ಅಗ್ರಹಾರದ ಒಳಗೆ ಶೂಟಿಂಗ್ ಮಾಡಲು ಅನುಮತಿ ಸಿಗುತ್ತದಾ? ಎಲ್ಲಿಂದ ಶುರು ಮಾಡಬೇಕು? ನಮ್ಮಪ್ಪ ನಿವೃತ್ತ ಹೆಡ್ ಕಾನ್‌ಸ್ಟೇಬಲ್. "ಜೈಲಿಲ್ಲದ ಲೋಕ ಅಂತೆ! ನಿನ್ನ ಬೈಕ್ ಕಳುವಾದ ದಿನ ಮಾತಾಡೋಣ" ಅಂತ ನಗುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವರು ನಿಮ್ಮ ಚಿತ್ರಕ್ಕೆ ತುಂಬ ಬೇಕಾದ ಮನುಷ್ಯ.

ಮೊದಲು ಅನುಮತಿಯ ಮಾತು ಮುಗಿಸಿಬಿಡೋಣ. ಸಿಗುವುದು ಕಷ್ಟ. 2015ರಲ್ಲಿ ತಿಹಾರ್ ಜೈಲಿನ ಒಳಗೆ ಒಬ್ಬ ಅಪರಾಧಿಯನ್ನು ಮಾತಾಡಿಸಿದ ವಿದೇಶಿ ಸಾಕ್ಷ್ಯಚಿತ್ರವೊಂದು ದೊಡ್ಡ ಗಲಾಟೆ ಎಬ್ಬಿಸಿತು. ಅದಾದ ಮೇಲೆ ಕೇಂದ್ರ ಗೃಹ ಇಲಾಖೆ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು. ಲೇಖನ, ಸಂಶೋಧನೆ, ಸಾಕ್ಷ್ಯಚಿತ್ರ ಅಂತ ಬರುವವರನ್ನು ಸಾಮಾನ್ಯವಾಗಿ ಒಳಗೆ ಬಿಡಬಾರದು. ಬಿಡುವುದಾದರೆ 30 ದಿನ ಮೊದಲೇ ಅರ್ಜಿ, 1 ಲಕ್ಷ ರೂಪಾಯಿ ಠೇವಣಿ, ತೆಗೆದದ್ದನ್ನೆಲ್ಲ ಅಧಿಕಾರಿಗಳು ನೋಡಬೇಕು. ಐದು ಜನ ವಿದ್ಯಾರ್ಥಿಗಳ ಜೇಬಿಗೆ ಇದು ಆಗುವ ಮಾತಲ್ಲ. ಆದರೆ ನಾನು ಹೇಳುವುದು ಇನ್ನೊಂದು. ಅನುಮತಿ ಸಿಕ್ಕರೂ ಹೋಗಬೇಡಿ.

ನಾನು ಹೋಗಿದ್ದೆ. ಎಷ್ಟೋ ವರ್ಷಗಳ ಹಿಂದೆ ಒಂದು ಜೈಲಿನಲ್ಲಿ, ಯಾವ ಊರು ಅಂತ ಬೇಡ, ಎರಡು ದಿನ ಶೂಟ್ ಮಾಡಲು ಬಿಟ್ಟಿದ್ದರು. ಕಂಬಿ ಹಿಡಿದ ಕೈ, ನೆಲದ ಮೇಲೆ ಕಂಬಿಯ ನೆರಳು, ಕತ್ತಲೆ ಕೋಣೆಗೆ ಕಿಂಡಿಯಿಂದ ಬೀಳುವ ಬಿಸಿಲುಕೋಲು, ಎಲ್ಲ ತೆಗೆದೆ. ಎಡಿಟಿಂಗ್‌ನಲ್ಲಿ ಹಿಂದೆ ಒಂದು ಕೊಳಲು ಸೇರಿಸಿದೆ. ನೋಡಿದವರು ಕಣ್ಣೊರೆಸಿಕೊಂಡರು. ಒಂದು ಪ್ರದರ್ಶನದಲ್ಲಿ ಕೊನೆಯ ಸಾಲಿನಲ್ಲಿ ಒಬ್ಬರು ಕೂತಿದ್ದರು. ನಾಲ್ಕು ವರ್ಷ ಒಳಗಿದ್ದು ಬಂದವರು. ಎದ್ದು ನಿಂತು ಕೇಳಿದರು: "ಮೇಡಂ, ಜೈಲಲ್ಲಿ ಕತ್ತಲೆ ಎಲ್ಲಿದೆ? ರಾತ್ರಿಯೆಲ್ಲ ಟ್ಯೂಬ್‌ಲೈಟ್ ಉರೀತಾನೇ ಇರುತ್ತೆ. ನಾಲ್ಕು ವರ್ಷ ನಾನು ಕತ್ತಲೇನೇ ನೋಡ್ಲಿಲ್ಲ."

ನನಗೆ ತಲೆ ಎತ್ತಲು ಆಗಲಿಲ್ಲ. ಎರಡು ದಿನ ಒಳಗೆ ಓಡಾಡಿ ನಾನು ತೆಗೆದುಕೊಂಡು ಬಂದದ್ದು ನಮ್ಮ ಸಿನಿಮಾಗಳ ಜೈಲನ್ನು. ಅದಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಇನ್ನೊಂದು ತೊಂದರೆ ನಿಧಾನವಾಗಿ ಗೊತ್ತಾಯಿತು. ಚಿತ್ರ ಮುಗಿದ ಮೇಲೆ ಜನ ಬಂದು ಕೇಳುತ್ತಿದ್ದದ್ದು ಒಂದೇ ಥರದ ಪ್ರಶ್ನೆ. ಅಲ್ಲಿಗೆ ಫ್ಯಾನ್ ಕೊಡಿಸಬಹುದಾ? ಹಳೇ ಪುಸ್ತಕ ಕಳಿಸಬಹುದಾ? ಒಳ್ಳೆಯ ಮನಸ್ಸಿನವರೇ ಎಲ್ಲರೂ. ಆದರೆ ಈ ಜೈಲು ಇಲ್ಲಿ ಯಾಕಿದೆ ಅಂತ ಒಬ್ಬರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ ಹೇಳಿ. ಮದುವೆ ವಿಡಿಯೋ ನೋಡುವಾಗ ಚಪ್ಪರ ಯಾಕಿದೆ ಅಂತ ಯಾರಾದರೂ ಕೇಳುತ್ತಾರಾ? ಕ್ಯಾಮೆರಾ ಒಳಗೆ ಹೋಯಿತು ಅಂದರೆ ಗೋಡೆ ಇದ್ದದ್ದೇ ಆಗಿಬಿಡುತ್ತದೆ.

ನಮ್ಮ ಮಾತನ್ನೇ ನೋಡಿ. ಜೈಲಿಗೆ ನಾವು ಎಷ್ಟು ಅಡ್ಡಹೆಸರು ಇಟ್ಟಿದ್ದೇವೆ! ಕೃಷ್ಣ ಜನ್ಮಸ್ಥಾನ, ಮಾವನ ಮನೆ. ಒಳಗೆ ಹೋದವನು ಕಂಬಿ ಎಣಿಸುತ್ತಾನೆ, ಮುದ್ದೆ ಮುರಿಯುತ್ತಾನೆ. ನೆಂಟರ ಮನೆಗಿಂತ ಜಾಸ್ತಿ ಸಲುಗೆ. ಜೈಲಿಲ್ಲದ ಊರಿಗೆ ಮಾತ್ರ ಒಂದು ಪದ ಕೂಡ ಇಲ್ಲ. ಹೆಚ್ಚೆಂದರೆ ಅಜ್ಜಿಯಂದಿರು 'ಬಾಗಿಲಿಗೆ ಬೀಗ ಹಾಕದ ಕಾಲ' ಅಂತಿದ್ದರು. ನಿಮ್ಮ ಕೆಲಸ ಆ ಖಾಲಿ ಜಾಗದಲ್ಲಿದೆ.

ಹಾಗಂತ ಒಳಗೆ ಹೋಗಿ ಕೆಲಸ ಮಾಡಿದವರನ್ನು ಹಗುರವಾಗಿ ಕಾಣಬೇಡಿ. ರಂಗಾಯಣದ ಹುಲುಗಪ್ಪ ಕಟ್ಟಿಮನಿ ವರ್ಷಗಟ್ಟಲೆ ನಮ್ಮ ರಾಜ್ಯದ ಜೈಲುಗಳಲ್ಲಿ ಕೈದಿಗಳ ಜೊತೆ ಕೂತು ನಾಟಕ ಕಟ್ಟಿದರು. ಅದನ್ನು ಹೊರಗಿನ ರಂಗಮಂದಿರಗಳಿಗೂ ತಂದರು. ಕೊಲೆ ಕೇಸಿನಲ್ಲಿ ಶಿಕ್ಷೆಯಾದವನು ರಾಜನ ಪಾತ್ರ ಮಾಡುವಾಗ ಎದುರು ಕೂತವರಿಗೆ ಏನೋ ಒಂದು ಸಡಿಲವಾಗುತ್ತದೆ. ಅದು ಸಣ್ಣ ಸಂಗತಿ ಅಲ್ಲ. ಆದರೆ ಪರದೆ ಬಿದ್ದ ಮೇಲೆ ಬಣ್ಣ ಅಳಿಸಿಕೊಂಡು ಅವನು ಪೊಲೀಸ್ ವ್ಯಾನ್ ಹತ್ತುತ್ತಾನೆ. ನಿಮ್ಮ ಪ್ರಶ್ನೆ ಇರುವುದು ಆ ವ್ಯಾನ್ ಬಗ್ಗೆ.

ಹೊರಗೆ ನಿಂತು ಜೈಲನ್ನು ತೋರಿಸುವುದು ಹೇಗೆ? ಇದನ್ನು ಮಾಡಿ ತೋರಿಸಿದವರು ಕೆನಡಾದ ಬ್ರೆಟ್ ಸ್ಟೋರಿ. ಆಕೆ ಓದಿದ್ದು ಭೂಗೋಳ. 2016ರ ಅವರ ಚಿತ್ರ 'ದ ಪ್ರಿಸನ್ ಇನ್ ಟ್ವೆಲ್ವ್ ಲ್ಯಾಂಡ್‌ಸ್ಕೇಪ್ಸ್' ಅಮೆರಿಕದ ಜೈಲುಗಳ ಬಗ್ಗೆ. ಆದರೆ ಕ್ಯಾಮೆರಾ ಒಮ್ಮೆಯೂ ಜೈಲಿನ ಒಳಗೆ ಕಾಲಿಡುವುದಿಲ್ಲ. ಹನ್ನೆರಡು ಜಾಗಗಳು, ಅಷ್ಟೇ. ಕಲ್ಲಿದ್ದಲು ಗಣಿ ಮುಚ್ಚಿದ ಒಂದು ಊರು ಜೈಲಿನಿಂದಾದರೂ ಕೆಲಸ ಸಿಗಲಿ ಅಂತ ಕಾಯುತ್ತದೆ. ನ್ಯೂಯಾರ್ಕಿನಲ್ಲಿ ಒಬ್ಬ ಅಂಗಡಿ ಇಟ್ಟಿದ್ದಾನೆ. ಜೈಲಿನವರು ಒಪ್ಪುವಂಥ ಸಾಮಾನು ಮಾತ್ರ ಮಾರುತ್ತಾನೆ, ಮನೆಯವರು ಅದನ್ನು ಕೊಂಡು ಒಳಗಿರುವವರಿಗೆ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾಡಿನ ಬೆಂಕಿ ಆರಿಸಲು ಹೋಗುವ ಹೆಂಗಸರಿದ್ದಾರೆ, ಅವರು ಕೈದಿಗಳು. ಸೇಂಟ್ ಲೂಯಿಸ್ ಕಡೆಯ ಒಬ್ಬಾಕೆಗೆ ಕಸದ ಡಬ್ಬಿಯ ಮುಚ್ಚಳದ ವಿಷಯಕ್ಕೆ ದಂಡ, ದಂಡದಿಂದ ಜೈಲಿನ ತನಕ. ನೋಡುತ್ತ ಹೋದಂತೆ ಗೊತ್ತಾಗುತ್ತದೆ, ಜೈಲು ಒಂದು ಕಟ್ಟಡದಲ್ಲಿ ಮುಗಿಯುವುದಿಲ್ಲ, ಊರ ತುಂಬ ಹರಡಿಕೊಂಡಿದೆ. ಹರಡಿಕೊಂಡಿದ್ದರೆ ಅದನ್ನು ಬಿಚ್ಚುವುದನ್ನೂ ಊರಿನಿಂದಲೇ ಶುರು ಮಾಡಬಹುದು ಅಲ್ವಾ?

ಈಗ ಬೆಂಗಳೂರಿಗೆ ಬನ್ನಿ. ಪರಪ್ಪನ ಅಗ್ರಹಾರದ ಸುತ್ತಮುತ್ತ ಬಾಡಿಗೆಗಿರುವವರನ್ನು ಕೇಳಿ, ಮೊದಲು ಹೇಳುವುದು ಫೋನ್ ಕಷ್ಟ. ಒಳಗೆ ಕೈದಿಗಳು ಮೊಬೈಲ್ ಬಳಸದಿರಲಿ ಅಂತ ಜಾಮರ್ ಹಾಕಿದ್ದಾರೆ. ಗೋಡೆ ಎಲ್ಲಿ ಮುಗಿಯುತ್ತದೆ ಅಂತ ಅದಕ್ಕೆ ಗೊತ್ತಾಗುತ್ತದಾ? ಪಕ್ಕದ ಬಡಾವಣೆಯವರಿಗೂ ನೆಟ್‌ವರ್ಕ್ ಇಲ್ಲ, ಓಟಿಪಿ ಬರುವುದಿಲ್ಲ ಅಂತ ಅವರು ದೂರು ಕೊಟ್ಟಿದ್ದು ಪತ್ರಿಕೆಗಳಲ್ಲೂ ಬಂದಿತ್ತು. ನನಗಿದು ಸಿಕ್ಕಾಪಟ್ಟೆ ಇಷ್ಟವಾದ ದೃಶ್ಯ. ಫೋನ್ ಕೈಯಲ್ಲಿ ಹಿಡಿದು ಹೊಸೂರು ರಸ್ತೆಯಿಂದ ಜೈಲಿನ ಕಡೆ ನಡೆಯುತ್ತಾ ಹೋಗಿ. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ಮಾತ್ರ ತೋರಿಸಿ. ನಾಲ್ಕು, ಮೂರು, ಒಂದು, ಸೊನ್ನೆ. ನಿಮ್ಮ ಚಿತ್ರದಲ್ಲಿ ಕಂಬಿ ಅಂತ ಇರುವುದು ಇದೊಂದೇ ಆದರೆ ಎಷ್ಟು ಚೆನ್ನ.

ಆಮೇಲೆ ಕೋರ್ಟ್. ಮೈಸೂರು ಬ್ಯಾಂಕ್ ವೃತ್ತದ ಹತ್ತಿರದ ಸಿಟಿ ಸಿವಿಲ್ ಕೋರ್ಟ್ ಹೊರಗೆ ಒಂದು ಬೆಳಿಗ್ಗೆ ಸುಮ್ನೆ ನಿಂತುಕೊಳ್ಳಿ. ಕ್ಯಾಮೆರಾ ಬೇಡ, ಒಂದು ನೋಟ್‌ಬುಕ್ ಸಾಕು. 'ಶ್ಯೂರಿಟಿ' ಅನ್ನುವ ಪದ ಎಷ್ಟು ಸಲ ಕಿವಿಗೆ ಬೀಳುತ್ತದೆ ಎಣಿಸಿ. ಜಾಮೀನು ಸಿಕ್ಕಿತು ಅಂದ ಮಾತ್ರಕ್ಕೆ ಬಿಡುಗಡೆ ಅಲ್ಲ. ಹೊಣೆ ನಿಲ್ಲುವ ಒಬ್ಬ ಮನುಷ್ಯ ಬೇಕು, ಅವನ ಹೆಸರಲ್ಲಿ ಆಸ್ತಿ ಬೇಕು, ಪಹಣಿ ಬೇಕು. ರಾಯಚೂರಿನಿಂದಲೋ ಬಿಹಾರದಿಂದಲೋ ಗಾರೆ ಕೆಲಸಕ್ಕೆ ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಪಹಣಿ ಇರುವ ಗೆಳೆಯ ಎಲ್ಲಿಂದ ಬರಬೇಕು? ಅವನು ಜಾಮೀನಿನ ಆದೇಶ ಇಟ್ಟುಕೊಂಡೇ ಒಳಗಿರುತ್ತಾನೆ. ಎಷ್ಟು ಜನ ಹೀಗೆ ಕೊಳೆಯುತ್ತಿದ್ದರು ಅಂದರೆ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೇ ಅಂತ ನಿರ್ದೇಶನ ಕೊಡಬೇಕಾಯಿತು. ಒಂದು ತಿಂಗಳಲ್ಲಿ ಬಾಂಡ್ ಕೊಡಲು ಆಗದಿದ್ದರೆ ಕೋರ್ಟೇ ಮುಂದಾಗಿ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತ. ಪಹಣಿಯ ಒಂದು ಹಾಳೆಯನ್ನು ದೊಡ್ಡದು ಮಾಡಿ, ಒಂದು ಬಾಗಿಲಿನಷ್ಟು ಎತ್ತರಕ್ಕೆ ಪ್ರಿಂಟ್ ಹಾಕಿಸಿ ನಿಮ್ಮ ಪ್ರದರ್ಶನದ ಹೆಬ್ಬಾಗಿಲಲ್ಲಿ ತೂಗುಹಾಕಿ. ಒಳಗೆ ಬರುವವರೆಲ್ಲ ಅದನ್ನು ಸರಿಸಿಕೊಂಡೇ ಬರಲಿ.

ಅಂಕಿಯನ್ನು ಚಿತ್ರದಲ್ಲಿ ತುರುಕಬೇಡಿ. ಒಂದೇ ಒಂದು ಇರಲಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ ಸುಮಾರು 76 ಜನರ ತಪ್ಪು ಇನ್ನೂ ಸಾಬೀತೇ ಆಗಿರಲಿಲ್ಲ. 'ಜೈಲಿಲ್ಲದಿದ್ದರೆ ಅಪರಾಧಿಗಳ ಗತಿ ಏನು' ಅಂತ ಕೇಳುವವರಿಗೆ ಮೊದಲು ಇಷ್ಟನ್ನು ಹೇಳಿ, ಒಳಗಿರುವವರಲ್ಲಿ ಅಪರಾಧಿ ಅಂತ ತೀರ್ಮಾನವಾದವರೇ ಕಡಿಮೆ. ಅಪ್ಪ ಇನ್ನೂ ನಕ್ಕರೆ ಇನ್ನೊಂದು ಮಾತಿದೆ. 2022ರ ನವೆಂಬರ್ 26, ಸಂವಿಧಾನ ದಿನ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಕೂತಿದ್ದ ಸಭೆಯಲ್ಲೇ ಇದನ್ನು ಎತ್ತಿದರು. ಜೈಲು ಸಾಲದು, ಇನ್ನೂ ಕಟ್ಟಬೇಕು ಅಂತಾರಲ್ಲ, ನಾವು ಅಭಿವೃದ್ಧಿಯ ಕಡೆ ಹೋಗುತ್ತಿದ್ದರೆ ಜೈಲು ಕಡಿಮೆ ಆಗಬೇಕಲ್ಲವೇ ಅನ್ನುವ ಧಾಟಿಯ ಮಾತು. ಹುಡುಗರ ಹುಚ್ಚು ಅಂತ ತಳ್ಳಿಹಾಕಲು ಇನ್ನು ಆಗುವುದಿಲ್ಲ.

ಇಂಥದ್ದಕ್ಕೆಲ್ಲ ಸಿನಿಮಾನೇ ಆಗಬೇಕು ಅಂತೇನೂ ಇಲ್ಲ. 1979ರಲ್ಲಿ ಬಿಹಾರದ ಜೈಲುಗಳ ವಿಚಾರಣಾಧೀನ ಕೈದಿಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹವೇ ಹುಸೈನಾರಾ ಖಾತೂನ್ ಪ್ರಕರಣವಾಗಿ ಸುಪ್ರೀಂ ಕೋರ್ಟ್ ಮುಟ್ಟಿತು, ಸಾವಿರಾರು ಜನ ಹೊರಬಂದರು. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವುದನ್ನು ಪತ್ರಕರ್ತೆ ಸುಕನ್ಯಾ ಶಾಂತಾ ಬರೆದರು, ಆಮೇಲೆ ಅವರೇ ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಕಿತ್ತುಹಾಕಿತು. ಎರಡೂ ದಾಖಲೆಯ ಕೆಲಸವೇ.

ನಿಮ್ಮ ಚಿತ್ರದ ನಡುಮನೆ ಎಲ್ಲಿ ಅಂತ ಕೇಳಿದರೆ, ನಾನು ಫ್ರೀಡಂ ಪಾರ್ಕ್ ಅನ್ನುತ್ತೇನೆ. ಕೋರ್ಟಿನಿಂದ ನಡೆದುಕೊಂಡೇ ಹೋಗಬಹುದು. ಜೈಲಿಲ್ಲದ ಲೋಕವನ್ನು ಊಹಿಸಬೇಕು ಅಂತೀರಲ್ಲ, ಗಾಂಧಿನಗರದ ಪಕ್ಕದಲ್ಲೇ 21 ಎಕರೆಯಷ್ಟು ಜೈಲು ಇಲ್ಲವಾಗಿದೆ. ಬ್ರಿಟಿಷರ ಕಾಲದ ಸೆಂಟ್ರಲ್ ಜೈಲು ಅದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿತ್ತು. 2008ರಲ್ಲಿ ಪಾರ್ಕ್ ಆಯಿತು. ಎತ್ತರದ ಕಾವಲು ಗೋಪುರವನ್ನು ಹಾಗೇ ಉಳಿಸಿದ್ದಾರೆ, ಬ್ಯಾರಕ್‌ಗಳು ಒಂದಿಷ್ಟು ಉಳಿದಿವೆ.

ಆ ಗೋಪುರದ ಕೆಳಗೆ ನಿಂತು ಒಂದು ಸಂಗತಿ ಹೇಳಬಹುದು. ನಡುವೆ ಒಬ್ಬ ಕಾವಲುಗಾರ, ಸುತ್ತ ಕೈದಿಗಳು. ಅವನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾವಾಗ ತಮ್ಮನ್ನು ನೋಡುತ್ತಿದ್ದಾನೆ ಅಂತ ಅವರಿಗೆ ತಿಳಿಯುವುದಿಲ್ಲ. ಇಂಥ ಜೈಲಿನ ಕನಸು ಕಂಡವನು 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್. ಒಬ್ಬ ವಾಸ್ತುಶಿಲ್ಪಿಯ ಕೈಯಲ್ಲಿ ನಕ್ಷೆ ಬರೆಸಿದ. ಅವನು ಬಯಸಿದ ಜೈಲನ್ನು ಅವನ ಸರ್ಕಾರ ಕಟ್ಟಲೇ ಇಲ್ಲ. ಆದರೂ ಆ ಕಾಗದದ ನೆರಳು ಲೋಕದ ಎಷ್ಟೋ ಜೈಲುಗಳ ಮೇಲೆ ಬಿತ್ತು, ಬೆಂಗಳೂರಿನ ತನಕ ಬಂತು. ಜೈಲು ಕೂಡ ಒಂದು ಕಾಲದಲ್ಲಿ ಯಾರೋ ಬರೆದ ಚಿತ್ರವಾಗಿತ್ತು. ಕಲ್ಪನೆಯಿಂದ ಏನಾಗುತ್ತೆ ಅನ್ನುವವರಿಗೆ ಆ ಗೋಪುರ ತೋರಿಸಿ.

ಇದೇ ಜೈಲಿನಲ್ಲಿ ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ ಇದ್ದರು, ವಾಜಪೇಯಿ ಇದ್ದರು ಅಂತ ಎಲ್ಲರೂ ಹೇಳುತ್ತಾರೆ. ಸ್ನೇಹಲತಾ ರೆಡ್ಡಿ ಹೆಸರನ್ನು ಕಡಿಮೆ ಜನ ಹೇಳುತ್ತಾರೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿ ಆದವರು. 1976ರಲ್ಲಿ ಅವರನ್ನು ಹಿಡಿದು ಇಲ್ಲಿಟ್ಟರು. ಜೋರಾದ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಸ್ನೇಹಲತಾ ಅವರ ಕೂಗು ತಮಗೆ ಕೇಳುತ್ತಿತ್ತು ಅಂತ ಬರೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಸಾಕ್ಷ್ಯಚಿತ್ರ ಮಾಡುವವರಿಗೆ ಇದು ದೊಡ್ಡ ಆಮಿಷ. ಯಾರೋ ನಟಿಯನ್ನು ಕರೆಸಿ ಆ ಕೂಗನ್ನು ರೆಕಾರ್ಡ್ ಮಾಡಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ಇವತ್ತಿನ ಫ್ರೀಡಂ ಪಾರ್ಕಿನ ಸದ್ದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ವಾಕಿಂಗ್ ಬರುವವರ ಶೂ, ಒಣಗಿದ ಎಲೆ ಗುಡಿಸುವ ಪೊರಕೆ, ಶೇಷಾದ್ರಿ ರಸ್ತೆಯ ಹಾರನ್, ಹನ್ನೊಂದರ ಹೊತ್ತಿಗೆ ಮೈಕ್ ಟೆಸ್ಟಿಂಗ್. ಅದನ್ನು ಎರಡು ನಿಮಿಷ ಕೇಳಿಸಿ, ದಂಡವತೆ ಹೇಳಿದ್ದನ್ನು ಒಂದು ಸಾಲಿನಲ್ಲಿ ಪರದೆಯ ಮೇಲೆ ಬರೆಯಿರಿ. ಆಮೇಲೆ ಒಂದಿಷ್ಟು ಹೊತ್ತು ಸದ್ದೇ ಬೇಡ. ಕಣ್ಣಿಗೆ ಅಡ್ಡ ನಿಲ್ಲುವ ಗೋಡೆ ಕಿವಿಗೆ ಇರುವುದಿಲ್ಲ. ಕಡಿಮೆ ದುಡ್ಡಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಮೈಕ್ ಟೆಸ್ಟಿಂಗ್ ಅಂದೆನಲ್ಲ, ಅದರಲ್ಲೂ ಒಂದು ಕಥೆ ಇದೆ. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಫ್ರೀಡಂ ಪಾರ್ಕ್‌ನಲ್ಲೇ ಮಾಡಬೇಕು ಅಂತ 2021ರಲ್ಲಿ ಆದೇಶ ಬಂತು, ಮುಂದಿನ ವರ್ಷ ಹೈಕೋರ್ಟ್ ಅದನ್ನು ಬಿಗಿ ಮಾಡಿತು. ಸರ್ಕಾರದ ವಿರುದ್ಧ ಮಾತಾಡಿದವರನ್ನು ಕೂಡಿಹಾಕಿದ್ದ ಜಾಗದಲ್ಲೇ ಈಗ ಮಾತಾಡಲು ಜಾಗ. ಅಲ್ಲಿ ಮಾತ್ರ. ಪಕ್ಕದಲ್ಲಿ ಬಹುಮಹಡಿ ಪಾರ್ಕಿಂಗ್ ಕೂಡ ಬಂದಿದೆ, ಕಾರುಗಳಿಗೂ ಒಂದು ಸೆಲ್ ಸಿಕ್ಕಿತು ಅಂತ ನನ್ನ ಗೆಳತಿ ತಮಾಷೆ ಮಾಡುತ್ತಾಳೆ.

ನಿಮ್ಮ ಚಿತ್ರಕ್ಕೆ ಇದರಿಂದ ಏನು ಸಿಗುತ್ತದೆ? ಒಂದು ಜೈಲು ಮುಚ್ಚಿತು, ಆದರೆ ಜೈಲು ಹೋಗಲಿಲ್ಲ. ಊರಾಚೆ ಅಂತ ಅಂದುಕೊಂಡಿದ್ದ ಕಡೆಗೆ ಎದ್ದು ಹೋಯಿತು. ಆಮೇಲೆ ಊರೇ ಬೆಳೆದು ಅದನ್ನು ಮತ್ತೆ ನುಂಗಿತು. ಅಮೆರಿಕದ ಭೂಗೋಳ ತಜ್ಞೆ ರೂತ್ ವಿಲ್ಸನ್ ಗಿಲ್ಮೋರ್ ಎಷ್ಟೋ ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಜೈಲನ್ನು ತೆಗೆಯುವುದು ಅಂದರೆ ಅದರ ಬದಲಿಗೆ ಏನನ್ನು ಕಟ್ಟುತ್ತೀರಿ ಅನ್ನುವುದೇ ಮುಖ್ಯ ಅಂತ. ಗಾಂಧಿನಗರದಲ್ಲಿ ನಾವು ಜೈಲಿನ ಬದಲಿಗೆ ಹುಲ್ಲು ಹಾಕಿದೆವು. ಹುಲ್ಲು ಚೆನ್ನಾಗಿದೆ, ಅದು ಬೇರೆ ಮಾತು.

ಬದಲಿಗೆ ಏನು ಅಂತ ಊಹಿಸುವ ಕೆಲಸ ಕಲೆಯದ್ದು. ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಹರ್ಮನ್ ವಾಲೇಸ್. ಅಮೆರಿಕದ ಲೂಸಿಯಾನಾದಲ್ಲಿ ಒಂಟಿ ಸೆಲ್‌ನಲ್ಲಿದ್ದವರು. ಆರು ಅಡಿ ಅಗಲ, ಒಂಬತ್ತು ಅಡಿ ಉದ್ದ. 2003ರಲ್ಲಿ ಜಾಕಿ ಸುಮೆಲ್ ಅನ್ನುವ ಕಲಾವಿದೆ ಅವರಿಗೆ ಪತ್ರ ಬರೆದು ಕೇಳಿದರು. ಮೂವತ್ತು ವರ್ಷ ಇಷ್ಟು ಜಾಗದಲ್ಲಿ ಬದುಕಿದವನು ಎಂಥ ಮನೆಯ ಕನಸು ಕಾಣುತ್ತಾನೆ? ಅಲ್ಲಿಂದ ವರ್ಷಗಟ್ಟಲೆ ಪತ್ರ ಓಡಾಡಿತು. ಅವರಿಗೆ ಬೇಕಿದ್ದದ್ದು ಹೂದೋಟ, ಬಂದವರು ವರ್ಷವಿಡೀ ಹೂಗಳ ನಡುವೆ ಓಡಾಡಬೇಕು. ಒಂದು ಈಜುಕೊಳ, ತಿಳಿಹಸಿರು ತಳ, ನಡುವೆ ಕಪ್ಪು ಚಿರತೆ. ಜಾಕಿ ಆ ಮನೆಯ ನಕ್ಷೆ, ಮಾದರಿ ಮಾಡಿ, ಪಕ್ಕದಲ್ಲೇ ಸೆಲ್ ಅಳತೆಯ ಒಂದು ಮರದ ಪೆಟ್ಟಿಗೆ ಇಟ್ಟು ಪ್ರದರ್ಶನ ಮಾಡಿದರು. ಈ ಕಥೆಯನ್ನು ಅಂಗದ್ ಸಿಂಗ್ ಭಲ್ಲಾ 'ಹರ್ಮನ್ಸ್ ಹೌಸ್' ಅಂತ 2012ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಹರ್ಮನ್ ಬರೀ ಫೋನಿನ ದನಿ. ಮುಖ ತೋರಿಸಲು ಒಳಗೆ ಬಿಡಲಿಲ್ಲ, ಚಿತ್ರಕ್ಕೆ ಅದೇ ಬಲವಾಯಿತು. 2013ರ ಅಕ್ಟೋಬರ್ 1ರಂದು ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿತು, ಬಿಡುಗಡೆಯಾಯಿತು. ಅಕ್ಟೋಬರ್ 4ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಮನೆ ಕಾಗದದಲ್ಲೇ ಉಳಿಯಿತು.

ಇನ್ನೊಂದು ಇದಕ್ಕಿಂತ ಸರಳ. ಇಲಿನಾಯ್ ರಾಜ್ಯದ ಟ್ಯಾಮ್ಸ್ ಜೈಲಿನಲ್ಲಿ ಎಲ್ಲರೂ ಒಂಟಿ ಸೆಲ್. ಹೊರಗಿನ ಕಲಾವಿದರು, ಕೈದಿಗಳ ಮನೆಯವರು ಸೇರಿ ಅವರಿಗೆ ಒಂದು ಫಾರಂ ಕಳಿಸಿದರು. ನಿಮಗೆ ಏನನ್ನು ನೋಡಬೇಕು ಅನ್ನಿಸುತ್ತದೋ ಬರೆಯಿರಿ, ನಿಜವಾದದ್ದಾಗಲಿ ಊಹೆಯದ್ದಾಗಲಿ, ನಾವು ಅದರ ಫೋಟೋ ತೆಗೆದು ಕಳಿಸುತ್ತೇವೆ. ಇದರ ಜೊತೆಗೇ ಶಾಸಕರ ಹಿಂದೆ ಬಿದ್ದು ದೊಡ್ಡ ಹೋರಾಟ ನಡೆಸಿದರು. 2013ರ ಜನವರಿಯಲ್ಲಿ ಟ್ಯಾಮ್ಸ್ ಮುಚ್ಚಿತು. ಫೋಟೋ ಒಂದರಿಂದಲೇ ಮುಚ್ಚಿತು ಅಂತ ನಾನು ಹೇಳುವುದಿಲ್ಲ, ಆದರೆ ಕಲೆಯೂ ರಾಜಕೀಯವೂ ಒಂದೇ ಚೀಲದಲ್ಲಿ ಓಡಾಡಿದ್ದು ನಿಜ.

ಇದನ್ನು ಬೆಂಗಳೂರಿನಲ್ಲಿ ಮಾಡಲು ಜೈಲಿನ ಒಳಗೆ ಹೋಗಬೇಕಿಲ್ಲ. ಒಳಗಿದ್ದು ಬಂದವರನ್ನು ಕೇಳಿ, ಅಲ್ಲಿರುವಾಗ ಏನನ್ನು ನೋಡಬೇಕು ಅನ್ನಿಸುತ್ತಿತ್ತು? ಅವರ ಮಾತನ್ನೇ ಶೀರ್ಷಿಕೆ ಮಾಡಿ, ಫೋಟೋ ನೀವು ತೆಗೆಯಿರಿ. ನನಗೆ ಟ್ಯೂಬ್‌ಲೈಟ್ ಪಾಠ ಹೇಳಿದವರಿಗೆ ಆಮೇಲೆ ಇದನ್ನೇ ಕೇಳಿದ್ದೆ. ಕರೆಂಟ್ ಹೋದ ಮನೆ, ಅಂದರು. ಬೆಸ್ಕಾಂ ಕೃಪೆಯಿಂದ ಆ ಫೋಟೋ ತೆಗೆಯಲು ಜಾಸ್ತಿ ದಿನ ಕಾಯಬೇಕಾಗಲಿಲ್ಲ.

ಬರೀ ಊಹೆಯೇ ಆದರೆ ನೋಡುವವರಿಗೆ ಕಾಲೂರಲು ನೆಲ ಬೇಕಾಗುತ್ತದೆ. ನೆಲ ಇದೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ 1963ರಿಂದ ಬಯಲು ಬಂಧೀಖಾನೆ ನಡೆಯುತ್ತಿದೆ. ಕೈದಿಗಳು ಹೆಂಡತಿ ಮಕ್ಕಳ ಜೊತೆ ಮನೆ ಮಾಡಿಕೊಂಡಿರುತ್ತಾರೆ, ಬೆಳಿಗ್ಗೆ ಹೊರಗೆ ಕೂಲಿಗೆ ಹೋಗಿ ಸಂಜೆ ಹಾಜರಿಗೆ ಬರುತ್ತಾರೆ. ಅವರಲ್ಲಿ ಕೊಲೆ ಮಾಡಿದವರೂ ಇದ್ದಾರೆ. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಜೈಲಿದೆ. ಪಬ್ ಇರುವ ಕೋರಮಂಗಲ ಅಲ್ಲ, ಆಟೋದವರಿಗೆ ಬಿಡಿಸಿ ಹೇಳಿ.

ಇದಕ್ಕೆ ಒಂದು ಬೆಂಗಳೂರಿನ ಎಳೆಯೂ ಇದೆ. ಮಾರಿಸ್ ಫ್ರಿಡ್‌ಮನ್ ಅಂತ ಪೋಲೆಂಡಿನ ಇಂಜಿನಿಯರ್. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಕಾರ್ಖಾನೆ ನೋಡಿಕೊಳ್ಳಲು ಬೆಂಗಳೂರಿಗೆ ಬಂದವರು. ಗಾಂಧಿ ಹಾದಿ ಹಿಡಿದು ಕಾವಿ ಉಟ್ಟರು. ಆಮೇಲೆ ಔಂಧ್ ಅನ್ನುವ ಪುಟ್ಟ ಸಂಸ್ಥಾನಕ್ಕೆ ಹೋಗಿ, ಅಲ್ಲಿನ ರಾಜನ ಒಪ್ಪಿಗೆ ಪಡೆದು ಸ್ವತಂತ್ರಪುರ ಅಂತ ಗೋಡೆಯಿಲ್ಲದ ಜೈಲು ಶುರು ಮಾಡಿಸಿದರು. ಆ ಪ್ರಯೋಗದಿಂದಲೇ ವಿ. ಶಾಂತಾರಾಂ 1957ರಲ್ಲಿ 'ದೋ ಆಂಖೇ ಬಾರಹ್ ಹಾಥ್' ಮಾಡಿದರು, ಆರು ಕೊಲೆಗಾರರು ಮತ್ತು ಒಬ್ಬ ಜೈಲರ್ ಬಂಜರು ಭೂಮಿಯಲ್ಲಿ ಬೆಳೆ ತೆಗೆಯುವ ಕಥೆ. ಅದಕ್ಕೆ ಬರ್ಲಿನ್‌ನಲ್ಲಿ ಬಹುಮಾನ ಬಂತು. ಬೆಂಗಳೂರಿನ ಒಬ್ಬ ಇಂಜಿನಿಯರ್ ಕೆಲಸ ಬಿಟ್ಟು ಜೈಲಿನ ಗೋಡೆ ತೆಗೆಸಲು ಹೋದ ಅನ್ನುವುದನ್ನು ಇವತ್ತಿನ ಬೆಂಗಳೂರು ನಂಬುತ್ತದಾ ನೋಡಿ. ಬಯಲು ಜೈಲೂ ಜೈಲೇ, ಅದು ನನಗೂ ಗೊತ್ತು. ಆದರೆ ಗೋಡೆ ಇಲ್ಲದಿದ್ದರೆ ಓಡಿಹೋಗುತ್ತಾರೆ ಅನ್ನುವ ಒಂದು ಮಾತನ್ನಾದರೂ ಅದು ಸುಳ್ಳು ಮಾಡಿದೆ.

ಈಗ ಅಪ್ಪನ ಬೈಕ್ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ, ಅದನ್ನೇ ಚಿತ್ರದ ಮೊದಲ ಸಾಲು ಮಾಡಿ. ಬೈಕ್ ಕಳುವಾದರೆ ನಮಗೆ ಏನು ಬೇಕು? ಬೈಕ್ ಬೇಕು. ಏನು ಸಿಗುತ್ತದೆ? ಎಫ್‌ಐಆರ್ ಪ್ರತಿ, ಆಮೇಲೆ ಪತ್ತೆಯಾಗಲಿಲ್ಲ ಅಂತ ಸಿ ರಿಪೋರ್ಟ್, ಅದನ್ನು ಹಿಡಿದು ಇನ್ಶೂರೆನ್ಸ್ ಆಫೀಸಿಗೆ ಅಲೆದಾಟ. ಅಪ್ಪ ಎಷ್ಟು ಸಿ ರಿಪೋರ್ಟ್ ನೋಡಿರಬಹುದು ಕೇಳಿ. ಕಳ್ಳ ಸಿಕ್ಕಿದರೂ ಅವನ ಜೊತೆ ನಿಮಗೆ ಮಾತಿಲ್ಲ, ಕೇಸು ಸರ್ಕಾರದ್ದು, ನೀವು ಬರೀ ಒಬ್ಬ ಸಾಕ್ಷಿ. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲೇ ಇದನ್ನು ಬರೆದರು, ನಮ್ಮ ಜಗಳ ನಮ್ಮ ಸ್ವತ್ತು, ಅದನ್ನು ಸರ್ಕಾರ ಮತ್ತು ವಕೀಲರು ಸೇರಿ ಎತ್ತಿಕೊಂಡು ಹೋಗುತ್ತಾರೆ ಅಂತ. ಕಳ್ಳ ಬೈಕ್ ಕದ್ದ, ಸರ್ಕಾರ ಕಳುವನ್ನೇ ಕದ್ದಿತು!

ಆದರೆ ಕೊಲೆ? ಅತ್ಯಾಚಾರ? ಇಲ್ಲಿ ನಿಮ್ಮ ಚಿತ್ರ ಬಾಯಿ ಮುಚ್ಚಿಕೊಂಡರೆ ಜನ ಎದ್ದು ಹೋಗುತ್ತಾರೆ, ಹೋಗಲೂಬೇಕು. ನೊಂದವರ ಮಾತಿಲ್ಲದೆ ಜೈಲಿಲ್ಲದ ಲೋಕದ ಚಿತ್ರ ಮಾಡಬೇಡಿ. ಅವರನ್ನು 'ಅವನಿಗೆ ಏನು ಶಿಕ್ಷೆ ಆಗಬೇಕು' ಅಂತ ಕೇಳುವವರು ಸಾವಿರ ಜನ ಇದ್ದಾರೆ. ನೀವು 'ಮಾರನೇ ದಿನ ನಿಮಗೆ ಏನು ಬೇಕಿತ್ತು' ಅಂತ ಕೇಳಿ. ಒಂದು ಮನೆ, ಒಂದು ಕೆಲಸ, ಸ್ಟೇಷನ್‌ಗೆ ಜೊತೆಗೆ ಬರುವ ಒಬ್ಬಳು, ರಾಜಿ ಮಾಡಿಕೊಳ್ಳಿ ಅಂತ ಬಾಗಿಲಿಗೆ ಬರುವ ಹಿರಿಯರಿಂದ ಬಿಡುಗಡೆ, ಹೀಗೆ ಏನಾದರೂ ಬರಬಹುದು. ಆ 'ರಾಜಿ' ಪದದ ಬಗ್ಗೆ ತುಂಬ ಹುಷಾರಾಗಿರಿ. ಕೋರ್ಟು ಜೈಲು ಬೇಡ ಅಂದ ಕೂಡಲೇ ಯಾರೋ ಒಬ್ಬರು 'ನಮ್ಮ ಹಿರಿಯರ ಕಾಲದಲ್ಲಿ ಅರಳಿಕಟ್ಟೆಯಲ್ಲೇ ನ್ಯಾಯ ಮುಗೀತಿತ್ತು' ಅನ್ನುತ್ತಾರೆ. ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು? ದಂಡ ಯಾರಿಗೆ, ಬಹಿಷ್ಕಾರ ಯಾರಿಗೆ? ನಾನಂತೂ ಆ ಕಟ್ಟೆಗೆ ವಾಪಸ್ ಹೋಗಲು ತಯಾರಿಲ್ಲ.

ಈ ಗಟ್ಟಿ ಪ್ರಶ್ನೆಗಳಿಗೆ ಸಿನಿಮಾಗಿಂತ ಬೀದಿ ನಾಟಕ ಒಳ್ಳೆಯದು. 'ಸಮುದಾಯ' ನಾಟಕ ತಂಡ ಹುಟ್ಟಿದ ಊರು ಇದು, ನಮಗೆ ಬೀದಿ ನಾಟಕ ಹೊಸದಲ್ಲ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ ಹೇಳಿಕೊಟ್ಟ ಒಂದು ಉಪಾಯ ಸೇರಿಸಿಕೊಳ್ಳಿ. ಡೆಲಿವರಿ ಹುಡುಗ ಒಬ್ಬ ಒಂದು ಫೋನ್ ಕದ್ದ, ಸಿಕ್ಕಿಬಿದ್ದ, ಜನ ಸೇರಿದರು. ಹತ್ತು ನಿಮಿಷ ಆಡಿ. ನಿಲ್ಲಿಸಿ. ಮತ್ತೆ ಮೊದಲಿನಿಂದ ಆಡುತ್ತಾ, ನೋಡುವವರಲ್ಲಿ ಯಾರಿಗಾದರೂ ಬೇರೆ ದಾರಿ ಕಂಡರೆ 'ನಿಲ್ಲಿಸಿ' ಅಂದು ಒಳಗೆ ಬಂದು ಆ ಪಾತ್ರವನ್ನು ತಾವೇ ಆಡಲಿ. ಪೊಲೀಸ್ ಆಗಲಿ, ಫೋನ್ ಕಳಕೊಂಡವಳಾಗಲಿ, ಹುಡುಗನ ಅಮ್ಮನಾಗಲಿ. ಜನ ಏನೇನು ಮಾಡುತ್ತಾರೆ ಅಂತ ನಿಮ್ಮ ಕ್ಯಾಮೆರಾ ನೋಡಲಿ. ಕೆಲವರು ಬಂದು ಹುಡುಗನಿಗೆ ಎರಡು ಬಾರಿಸುತ್ತಾರೆ. ಅದನ್ನೂ ಕತ್ತರಿಸಬೇಡಿ.

ಎಚ್ಚರಿಕೆಗಳು ಬೇಗ ಹೇಳಿಬಿಡುತ್ತೇನೆ. ಕೇಸ್ ನಡೆಯುತ್ತಿರುವವರ ಹತ್ತಿರ ಕೇಸಿನ ಮಾತೇ ಎತ್ತಬೇಡಿ. ನಿಮ್ಮ ಹಾರ್ಡ್ ಡಿಸ್ಕ್ ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗಬಹುದು. ಜೈಲಿನ ಗೇಟಿನ ಮುಂದೆ ಮುಲಾಕಾತ್‌ಗೆ ಕಾಯುವ ಹೆಂಗಸರ, ಮಕ್ಕಳ ಮುಖ ತೆಗೆಯಬೇಡಿ. ಮನೆ ಓನರ್‌ಗೆ 'ಗಂಡ ದುಬೈನಲ್ಲಿದ್ದಾರೆ' ಅಂತ ಹೇಳಿಕೊಂಡಿರುತ್ತಾರೆ. ಮುಖ ಮಸುಕು ಮಾಡಿದರೂ ಸೀರೆ ಗುರುತು ಸಿಗುತ್ತದೆ. ಅದಕ್ಕೇ ಚಿತ್ರ ಬರೆಯುವವರು ನಿಮ್ಮ ಐವರಲ್ಲಿ ಒಬ್ಬರು ಇರಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಎಡಿಟಿಂಗ್ ಮುಗಿದ ಮೇಲೂ 'ಬೇಡ' ಅನ್ನಬಹುದು, ಆಗ ತೆಗೆಯಲೇಬೇಕು.

ಕೊನೆಗೆ ಅಪ್ಪ. ನಿಮ್ಮ ಮೊದಲ ಶೂಟಿಂಗ್ ಮನೆಯಲ್ಲೇ ಆಗಲಿ. ಅವರು ಎಷ್ಟೋ ಜನರನ್ನು ಕೋರ್ಟಿಗೂ ಜೈಲಿಗೂ ಕರೆದುಕೊಂಡು ಓಡಾಡಿರುತ್ತಾರೆ. ಕೈದಿಯ ಪಕ್ಕದಲ್ಲೇ ಕೂತು ಬಸ್ಸಿನಲ್ಲಿ ಹೋಗಿರಬಹುದು, ದಾರಿಯಲ್ಲಿ ಇಬ್ಬರೂ ಇಡ್ಲಿ ತಿಂದಿರಬಹುದು. ಜೈಲು ಬೇಕಾ ಬೇಡವಾ ಅಂತ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಒಂದೇ ಪ್ರಶ್ನೆ ಕೇಳಿ: ನೀವು ಒಳಗೆ ಬಿಟ್ಟು ಬಂದವರಲ್ಲಿ, ಇವನನ್ನು ಅಲ್ಲಿ ಬಿಟ್ಟು ಬರಬಾರದಿತ್ತು ಅಂತ ಅನ್ನಿಸಿದ್ದು ಯಾರ ಬಗ್ಗೆ? ಅವರು ಕಾಫಿ ಲೋಟ ತಿರುಗಿಸುತ್ತಾ ಸುಮ್ಮನೆ ಕೂರಬಹುದು. ನೀವೂ ಸುಮ್ಮನಿರಿ, ರೆಕಾರ್ಡರ್ ನಿಲ್ಲಿಸಬೇಡಿ. ಮಾತು ಶುರು ಮಾಡುವ ಮೊದಲೇ ಫ್ರಿಜ್ ಆಫ್ ಮಾಡಿ, ಅದರ ಗುಂಯ್ ಸದ್ದನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಆಫ್ ಮಾಡುವಾಗ ನಿಮ್ಮ ಬೈಕಿನ ಕೀ ಫ್ರಿಜ್ ಒಳಗಿಡಿ. ಹೊರಡುವಾಗ ಕೀ ಹುಡುಕುತ್ತೀರಿ, ಮತ್ತೆ ಆನ್ ಮಾಡುವುದು ನೆನಪಾಗುತ್ತದೆ.